ಬೋರಿನಲ್ಲಿ ನೀರು

ಹಳೇಕೊಪ್ಪದ ಸದಾಶಿವನಿಗೆ ಗೊತ್ತಿಲ್ಲದ ಸಂಗತಿ ಯಾವುದೂ ಇರಲಿಲ್ಲ. ಇದು ಊರಿನವರ ಅಭಿಪ್ರಾಯವಲ್ಲ, ಸದಾಶಿವನದೇ. ಎದುರಿಗಿದ್ದವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಅವನ ಬಾಯಿಂದ "ಗೊತ್ರಿ" ಎಂಬ ಮಾತು ತಾನಾಗಿ ಹೊರಗೆ ಬೀಳುತ್ತಿತ್ತು. ಡಾಕ್ಟರು "ಈ ಗುಳಿಗೆ ಊಟಕ್ಕಿಂತ..." ಎಂದು ಶುರು ಮಾಡಿದರೆ "ಗೊತ್ರಿ" ಎಂದು ಚೀಟಿ ಕಿಸೆಗೆ ಹಾಕಿಕೊಂಡು ಬಂದು, ಮೊದಲೋ ಆಮೇಲೋ ತಿಳಿಯದೆ ಊಟದ ನಡುವೆ ನುಂಗುತ್ತಿದ್ದ. ಬನವಾಸಿ ರಸ್ತೆಗೆ ಮುಖ ಮಾಡಿ ಅವನದೊಂದು ಬೀಜ ಗೊಬ್ಬರದ ಅಂಗಡಿ ಇತ್ತು. ರೈತರು ರೋಗ ಹಿಡಿದ ಎಲೆಯನ್ನು ಚೀಲದಿಂದ ಹೊರಗೆ ತೆಗೆಯುವ ಮೊದಲೇ ಅವನು ಔಷಧ ಕಟ್ಟಿ ಕೊಟ್ಟಿರುತ್ತಿದ್ದ. ಬೆಳೆಗಳು ಹೇಗೋ ಬದುಕಿಕೊಳ್ಳುತ್ತಿದ್ದವು.

ಇಂಥವನ ಕೈಗೆ ಮಾವ ಮಡಿವಾಳಪ್ಪನವರು ತಮ್ಮ ಜೀಪು ಒಪ್ಪಿಸಿ ಕಣ್ಣಿನ ಆಪರೇಷನ್ನಿಗೆಂದು ಹುಬ್ಬಳ್ಳಿಯ ಹಿರಿಮಗಳ ಮನೆಗೆ ಹೋದರು. ಅಕ್ಕಿ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ಕೊಂಡ ಜೀಪು ಅದು. ಹೆಂಡತಿ ತೀರಿಕೊಂಡ ಮೇಲೆ ಅಪ್ಪ ಮನಸ್ಸು ಬಿಚ್ಚಿ ಮಾತಾಡುವುದು ಆ ಜೀಪಿನ ಜೊತೆ ಮಾತ್ರ ಎಂದು ಸದಾಶಿವನ ಹೆಂಡತಿ ವಾಣಿಶ್ರೀ ಹೇಳುತ್ತಿದ್ದಳು. ಅಳಿಯನ ಜೊತೆಯಂತೂ ಅವರು ಹಾಗೆ ಮಾತಾಡಿದವರಲ್ಲ. ಮದುವೆಯಾದಂದಿನಿಂದ ಒಮ್ಮೆಯಾದರೂ "ಅಳಿಯಂದಿರ" ಎಂದು ಕರೆದದ್ದಿಲ್ಲ; "ಏ ಇವನ" ಎನ್ನುತ್ತಿದ್ದರು. ಸದಾಶಿವ ಹೊರಗೆ ನಗುತ್ತಿದ್ದ, ಒಳಗೆ ನೊಂದುಕೊಳ್ಳುತ್ತಿದ್ದ.

ಬಸ್ಸಿಗೆ ಕಾಯುತ್ತ ನಿಂತಾಗ ಮಡಿವಾಳಪ್ಪನವರು ಕೀಲಿಕೈಯನ್ನು ಅವನ ಅಂಗೈಯಲ್ಲಿಟ್ಟು, ಪೂರ್ತಿ ಬಿಡದೆ, ಹೇಳಿದರು:

"ಏ ಇವನ, ದಿನಾ ಒಮ್ಮೆ ಚಾಲೂ ಮಾಡಿ ಬಂದ್ ಮಾಡು. ಹೊರಗ ಒಯ್ಯಬ್ಯಾಡ. ಒಯ್ಯೋ ಪ್ರಸಂಗ ಬಂತು ಅಂದ್ರ, ಆ ರೇಡಿಯೇಟರಿನ ನೀರಿನ ವಿಚಾರ ಐತೆಲ್ಲ, ಅದು..."

"ಗೊತ್ರಿ ಮಾವಾರ."

ಮಡಿವಾಳಪ್ಪನವರು ತೆರೆದ ಬಾಯಿ ಹಾಗೇ ಮುಚ್ಚಿಕೊಂಡರು. ಬಸ್ಸು ಬಂತು, ಹತ್ತಿದರು.

ಒಯ್ಯೋ ಪ್ರಸಂಗ ಬರದಿದ್ದರೆ ನಮಗೆ ಕಥೆಯೂ ಇರುತ್ತಿರಲಿಲ್ಲ. ಸಿದ್ದಾಪುರದಲ್ಲಿ ಗೊಬ್ಬರದ ಅಂಗಡಿಯವರದೊಂದು ಸಭೆ ಇತ್ತು. ಉಳಿದವರೆಲ್ಲ ಬೈಕಿನಲ್ಲಿ ಬರುವಾಗ ತಾನೊಬ್ಬ ಜೀಪಿನಿಂದ ಇಳಿದರೆ ಹೇಗೆ ಕಾಣಬಹುದು ಎಂದು ಸದಾಶಿವನಿಗೆ ಒಂದು ಆಸೆ ಹುಟ್ಟಿತು. ಹೊರಟ. ಸಿದ್ದಾಪುರ ಮುಟ್ಟುವ ಮೊದಲೇ, ಒಂದು ಏರಿನ ನಡುವೆ, ಜೀಪಿನ ಮೂಗಿನಿಂದ ಇಡ್ಲಿ ಪಾತ್ರೆಯಂತೆ ಹಬೆ ಎದ್ದಿತು. ನೀರಿನ ವಿಚಾರ ಎಂದು ಮಾವ ಹೇಳಿದ್ದು ಆಗ ನೆನಪಾಯಿತು. ಓಡಿಹೋಗಿ ರಸ್ತೆ ಬದಿಯ ಮನೆಯಿಂದ ಬಾವಿಯ ತಣ್ಣೀರು ಒಂದು ಕೊಡ ತಂದು, ಕಾದು ಕೆಂಪಾಗಿದ್ದ ಎಂಜಿನ್ನಿಗೆ ಒಂದೇ ಸಮ ಹೊಯ್ದ. ಒಳಗೆಲ್ಲೋ "ಟಣ್" ಎಂದಿತು. ಸದಾಶಿವನ ಎದೆಯೂ ಹಾಗೇ ಎಂದಿತು.

ಎಳೆಸಿಕೊಂಡು ಬಂದ ಜೀಪಿನ ಬಾನೆಟ್ಟು ಎತ್ತಿ ನೋಡಿ, ಸಿರ್ಸಿಯ ಗ್ಯಾರೇಜಿನ ಕೆರಿಯಪ್ಪ ಲೊಚಗುಟ್ಟಿದ. ಮೆಕ್ಯಾನಿಕ್ಕು ಲೊಚಗುಟ್ಟಿದರೆ ಗಿರಾಕಿಗೆ ಬೆವರುತ್ತದೆ.

"ಕಾದ ಕಾವಲಿಗೆ ತಣ್ಣೀರು ಹೊಯ್ದಂಗೆ ಮಾಡಿದ್ಯಲ ಮಾರಾಯ. ಬ್ಲಾಕ್ ಒಡೆದದೆ. ಬೇರೆ ಬ್ಲಾಕೇ ಹಾಕ್ಬೇಕು."

ಬ್ಲಾಕ್ ಎಂದರೆ ಎಂಜಿನ್ನಿನ ಒಡಲು. ಅದರಲ್ಲಿ ಪಿಸ್ಟನ್ನುಗಳು ಮೇಲೆ ಕೆಳಗೆ ಆಡಲು ನಾಲ್ಕು ದುಂಡನೆಯ ಬಾವಿಗಳಿರುತ್ತವೆ. ಅವಕ್ಕೆ ಬೋರ್ ಎನ್ನುತ್ತಾರೆ. ಆ ಬಾವಿಗಳ ಸುತ್ತ ಗೋಡೆಯ ಹೊರಗೆ ತಂಪಿಗೆಂದು ನೀರು ಹರಿದಾಡುತ್ತದೆ. ಹೊರಗಿನ ನೀರು ಹೊರಗೇ ಇರಬೇಕು, ಬೋರಿನೊಳಗೆ ಒಂದು ಹನಿಯೂ ಬರಕೂಡದು. ಓದುಗರು ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು. ಊರಿನವರಿಗೆ ಇದು ಗೊತ್ತಿಲ್ಲದೆ ಆದ ಅನಾಹುತವನ್ನೇ ಮುಂದೆ ಹೇಳುವುದಿದೆ.

"ಯಲ್ಲಾಪುರದಲ್ಲಿ ಸುಭಾಷನ ಗುಜರಿ ಅಂಗಡಿಲಿ ಒಂದು ಹಳೇ ಬ್ಲಾಕ್ ಅದೆ ಅಂತ ಸುದ್ದಿ" ಎಂದ ಕೆರಿಯಪ್ಪ. "ನಾನೇ ಬರ್ತಿದ್ದೆ. ಆದ್ರೆ ಶನಿವಾರ ಕೋಲಸಿರ್ಸಿಲಿ ತಂಗಿ ಮನೆ ಒಕ್ಕಲು. ನೀನೇ ನೋಡ್ಕಂಡು ಬಾ. ಬೋರ್ ನೋಡೂದು ಹೆಂಗೆ ಅಂದ್ರೆ..."

"ಗೊತ್ತು."

"ಗೊತ್ತಿಲ್ಲ ನಿಂಗೆ. ಬಾಯ್ಮುಚ್ಚಿ ಕೇಳು."

ಸದಾಶಿವನಿಗೆ ಹೀಗೆ ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಗಾಬರಿಯಲ್ಲಿ ಕೇಳಿಸಿಕೊಂಡ.

"ಬೋರಿನ ಒಳಗೆ ಉಗುರು ಇಟ್ಟು ಮೇಲಿಂದ ಕೆಳಗೆ ಎಳಿ. ಉಗುರು ಎಲ್ಲಾದ್ರೂ ಸಿಕ್ಕಿ ನಿಂತ್ರೆ ಬೋರ್ ಸವೆದದೆ ಅಂತ. ಅದಕ್ಕೆ ಮದ್ದದೆ. ಹುಬ್ಬಳ್ಳಿಗೆ ಒಯ್ದು ಬೋರ್ ಹೊಡೆಸಿದ್ರೆ, ಅಂದ್ರೆ ಒಳಗೋಡೆ ಕೊರೆಸಿ ನುಣ್ಣಗೆ ಮಾಡ್ಸಿದ್ರೆ, ಸರಿಯಾಗ್ತದೆ, ಇಲ್ಲಿಯವ್ರ ಕೆಲಸ ನಂಗೆ ಒಗ್ಗೂದಿಲ್ಲ. ಆಮೇಲೆ ಹೊರಗಿನ ತೂತಿಗೆಲ್ಲ ಬೂಚು ಬಡಿದು ಗೋಡೆ ಸುತ್ತ ನೀರು ತುಂಬಿಸು. ಬೋರಿಗೆ ನೀರು ಬಂತೋ, ಅದಕ್ಕೆ ಮದ್ದಿಲ್ಲ. ಕೈ ಮುಗಿದು ಬಸ್ ಹತ್ತು. ಮತ್ತೆ, ಉಗುರು ತೆಗೀಬೇಡ."

ಮಾವ ಬರುವುದು ಸೋಮವಾರ. ಸದಾಶಿವ ಮನೆಗೆ ಬಂದು ಜೀಪು ಸರ್ವೀಸಿಗೆ ಬಿಟ್ಟಿದ್ದೇನೆ ಎಂದು ವಾಣಿಶ್ರೀಗೆ ಹೇಳಿದ. ಆಮೇಲೆ ಉಗುರು ಕಚ್ಚಲು ಶುರು ಮಾಡಿದ.

ಗುರುವಾರ ಕೆರಿಯಪ್ಪನ ಫೋನು ಬಂದಾಗ ಸದಾಶಿವ ಹೆಂಡತಿಯ ಕಿವಿ ತಪ್ಪಿಸಿ ಹಿತ್ತಿಲಿಗೆ ಹೋದ. ಗೋಡೆಯ ಆಚೆ ನೆರೆಮನೆಯ ಗುರುಶಾಂತವ್ವ ಶಾವಿಗೆ ಒಣಹಾಕುತ್ತಿದ್ದಳು ಎಂಬುದು ಅವನಿಗೆ ಕಾಣಲಿಲ್ಲ. ಕೆರಿಯಪ್ಪನ ಮಾತು ಅವಳಿಗೆ ಕೇಳಲಿಲ್ಲ. ಸದಾಶಿವನದು ಮಾತ್ರ ಒಂದಕ್ಷರ ಬಿಡದೆ ಕೇಳಿತು.

"ಹಳೇದು ಅಂದ ಮ್ಯಾಲೆ ಬೋರ್ ಹೊಡಸೂದು ತಪ್ಪಿದ್ದಲ್ಲ ಅಂತೀಯಾ? ನಾಲ್ಕೂ ಹೊಡಸಬೇಕಾ? ಆಗಲಿ. ಇಲ್ಲೋ, ವಾಣಿಗೂ ಹೇಳಿಲ್ಲ. ಸೋಮವಾರ ಮಾವಾರು ಬರೂದ್ರೊಳಗ ಎಲ್ಲಾ ಮುಗದಿರಬೇಕು. ನೀರಿನ ಮ್ಯಾಲೆ ನಿಂತೈತಿ ನೋಡಪಾ ನನ್ನ ಮಾನ."

ಗುರುಶಾಂತವ್ವನ ಕೈಯಿಂದ ಶಾವಿಗೆ ಜಾರಿತು. ಕೆರೆಯ ಹಿಂದೆ ಸದಾಶಿವನದೊಂದು ಹೊಲವಿತ್ತು. ಅದಕ್ಕೆ ಅಂಟಿಕೊಂಡೇ ಗುರುಶಾಂತವ್ವನ ಹೊಲ, ಹೊಲದಲ್ಲಿ ಅವಳ ಗಂಡ ತೋಡಿಸಿದ ತೆರೆದ ಬಾವಿ. ಪಕ್ಕದಲ್ಲೇ ಒಂದು ಬೋರ್‌ವೆಲ್ ಬಿದ್ದರೆ ಬಾವಿಯ ಗತಿ ಏನಾಗುತ್ತದೆಂದು ಆ ಸೀಮೆಯ ಮಕ್ಕಳಿಗೂ ಗೊತ್ತು. ಇವನು ಹೊಡೆಸುವುದು ನಾಲ್ಕು, ಅದೂ ಕದ್ದು.

ಅವಳು ಸೀದಾ ವಾಣಿಶ್ರೀಯ ಅಡಿಗೆಮನೆಗೆ ಬಂದಳು.

"ಏನವಾ ವಾಣಿ, ನಿನ್ನ ಗಂಡ ನಾಲ್ಕು ಬೋರ್ ಹೊಡಸಾಕ ಹತ್ಯಾನಂತ. ನಾನೇನು ನಿಮಗ ಅನ್ಯಾಯ ಮಾಡಿದ್ನಿ? ಹೋದ ವರ್ಷ ನಿಮ್ಮ ಆಕಳು ನನ್ನ ಮೆಂತೆ ಮೇದಾಗ ಒಂದು ಮಾತು ಆಡೇನೇನು?"

ಆಡಿದ್ದಳು, ಮೂರು ತಿಂಗಳು ಆಡಿದ್ದಳು. ಆದರೆ ವಾಣಿಶ್ರೀಗೆ ಅದೊಂದೂ ಕಿವಿಗೆ ಬೀಳಲಿಲ್ಲ. ಹೊಲಕ್ಕೊಂದು ಬೋರ್ ಹೊಡೆಸಿರಿ, ನಾಲ್ಕು ಸಾಲು ತರಕಾರಿಯಾದರೂ ಬೆಳೆಯೋಣ ಎಂದು ಅವಳು ಎಷ್ಟೋ ವರ್ಷಗಳಿಂದ ಹೇಳಿ ಹೇಳಿ ಬಾಯಿ ಬತ್ತಿ ಸುಮ್ಮನಾಗಿದ್ದಳು. ಪ್ರತಿ ಸಲವೂ ಅವನು "ಗೊತ್ತು" ಎಂದಿದ್ದ. ಈಗ ಹೇಳದೆ ಕೇಳದೆ, ತನಗೆ ಗೊತ್ತಾಗದಂತೆ ಮಾಡಿಸುತ್ತಿದ್ದಾನೆ. ಗಂಡನ ಮೇಲೆ ಅವಳಿಗೆ ಅಷ್ಟು ಪ್ರೀತಿ ಬಂದದ್ದು ಬಹಳ ದಿನಗಳ ಮೇಲೆ. ಅವನ ಮುಂದೆ ಏನೂ ತಿಳಿಯದವಳಂತೆ ಇರಬೇಕೆಂದು ನಿಶ್ಚಯಿಸಿದಳು. ಅಪ್ಪನಿಗೆ ಮಾತ್ರ ಫೋನು ಮಾಡಿದಳು.

"ಯಾರು? ಇವನ?" ಎಂದರು ಹುಬ್ಬಳ್ಳಿಯಿಂದ ಮಡಿವಾಳಪ್ಪನವರು. "ತಾನಾಗೇ? ಯಾರೂ ಹೇಳದ?"

ಕಣ್ಣು ಒದ್ದೆಯಾಗಬಾರದೆಂದು ಡಾಕ್ಟರು ಹೇಳಿದ್ದರು. ಆಗಿಯೇ ಬಿಟ್ಟಿತು. ಸೋಮವಾರದವರೆಗೆ ಕಾಯದೆ ಶನಿವಾರವೇ ಬರುತ್ತೇನೆ, ಗಂಗೆಗೆ ಕಾಯಿ ನಾನೇ ಒಡೆಯಬೇಕು ಎಂದರು.

ಗುರುಶಾಂತವ್ವ ಅಲ್ಲಿಗೆ ನಿಲ್ಲದೆ ಪಂಚಾಯ್ತಿ ಕಚೇರಿಗೂ ಹೋಗಿ ಬಂದಳು. ಹೊಸದಾಗಿ ಬಂದಿದ್ದ ಕಾರ್ಯದರ್ಶಿ ಕಿರಣ ಚಿಕ್ಕ ವಯಸ್ಸಿನವನು, ಎಲ್ಲವನ್ನೂ ಸರಿಯಾಗಿ ಮಾಡಬೇಕೆಂಬ ಹುಮ್ಮಸ್ಸಿನವನು. ಅವನು ಉಳಿದುಕೊಂಡಿದ್ದುದು ಮಡಿವಾಳಪ್ಪನವರ ಬಾಡಿಗೆ ಮನೆಯಲ್ಲಿ. ಹೀಗಾಗಿ ಅವನ ಫೋನು ಬಂದಾಗ, ಸುದ್ದಿ ಮಾವನಿಗೆ ಮುಟ್ಟೀತೆಂದು ಸದಾಶಿವ ಎದ್ದು ನಿಂತ.

"ಸದಾಶಿವ ಅವರಾ? ನೀವು ಗುಟ್ಟಾಗಿ ಬೋರ್ ಹೊಡೆಸ್ತಿದೀರಿ ಅಂತ ದೂರು ಬಂದಿದೆ."

"ಸಾಹೇಬ್ರ, ನಿಮ್ಮ ಕಾಲಿಗೆ ಬೀಳ್ತೇನ್ರಿ, ಮಾವಾರ ಕಿವಿಗೆ ಹಾಕಬ್ಯಾಡ್ರಿ."

"ತಪ್ಪು ಅಂತ ಗೊತ್ತಲ್ಲ ನಿಮಗೆ?"

"ಗೊತ್ರಿ. ತಪ್ಪು ನಂದ. ತಣ್ಣೀರು ಹಾಕಬಾರದಿತ್ರಿ."

ಕಿರಣನಿಗೆ ಇದು ಅರ್ಥವಾಗಲಿಲ್ಲ. ಪ್ರಶ್ನೆಗಳನ್ನು ಕ್ರಮವಾಗಿ ಕೇಳುವುದೇ ಒಳ್ಳೆಯದೆಂದುಕೊಂಡ.

"ಎಷ್ಟು ಬೋರು?"

"ನಾಲ್ಕ್ರಿ."

"ನಾಲ್ಕು ಯಾಕೆ?"

"ಜೀಪಿನವಕ್ಕ ನಾಲ್ಕ ಇರತಾವ್ರಿ. ದೊಡ್ಡ ಲಾರಿಯವಕ್ಕ ಆರು ಇರತಾವ."

ಜೀಪಿನಲ್ಲಿ ಬರುವ ಯಂತ್ರ ನಾಲ್ಕು ಹೊಡೆಯುತ್ತದೆ, ಲಾರಿಯಲ್ಲಿ ಬರುವುದು ಆರು ಹೊಡೆಯುತ್ತದೆ ಎಂದು ಕಿರಣ ತಿಳಿದುಕೊಂಡ. "ಎಷ್ಟು ಆಳಕ್ಕೆ?"

"ಒಂದು ಗೇಣು ಇದ್ದೀತ್ರಿ."

"ಗೇಣಾ? ಒಂದು ಗೇಣಿಗೆ ನೀರು ಬರ್ತದಾ?"

"ಹಂಗನ್ನಬ್ಯಾಡ್ರಿ ಸಾಹೇಬ್ರ. ಒಂದು ಹನಿ ಬಂದ್ರೂ ನಾ ಸತ್ತೆ."

"ಸರಿ. ಯಾವ ಸರ್ವೆ ನಂಬರಿನಲ್ಲಿ ಹೊಡೆಸ್ತೀರಿ?"

"ಹುಬ್ಬಳ್ಳಿಯಾಗ್ರಿ."

"ಹುಬ್ಬಳ್ಳಿಲಿ ಹೊಡೆಸಿ?"

"ಗೂಡ್ಸ್ ಗಾಡಿಗೆ ಹಾಕ್ಕೊಂಡು ಸಿರ್ಸಿಗೆ ತರೂದ್ರಿ. ಒಂದ ತಾಸಿನಾಗ ಕುಂದರಸ್ತಾರಂತ."

ಕಿರಣ ಬಹಳ ಪರೀಕ್ಷೆಗಳನ್ನು ಬರೆದು ಈ ನೌಕರಿಗೆ ಬಂದವನು. ಹುಬ್ಬಳ್ಳಿಯಲ್ಲಿ ಹೊಡೆದ ಬೋರನ್ನು ಗಾಡಿಗೆ ಹೇರಿಕೊಂಡು ಬಂದು ಇಳಿಸುವವರ ಮೇಲೆ ಯಾವ ಕ್ರಮ ಕೈಗೊಳ್ಳಬೇಕೆಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಶನಿವಾರ ಸ್ಥಳಕ್ಕೆ ಬಂದು ನೋಡುತ್ತೇನೆ ಎಂದು ಫೋನಿಟ್ಟ. ಯಾವ ಸ್ಥಳ ಎಂದು ಕೇಳಲು ಸದಾಶಿವನಿಗೆ ಧೈರ್ಯವಾಗಲಿಲ್ಲ. ಅವತ್ತು ಎಡಗೈಯ ಉಗುರುಗಳು ಮುಗಿದವು.

ಶನಿವಾರ ಬೆಳಿಗ್ಗೆ ಯಲ್ಲಾಪುರದ ಬಸ್ಸಿನಲ್ಲಿ ಬಲಗೈಯವೂ ಮುಗಿಯುತ್ತ ಬಂದವು. ಮಂಚಿಕೇರಿ ದಾಟುವಾಗ ಉಳಿದದ್ದು ಕಿರುಬೆರಳಿನದೊಂದೇ. ಅದನ್ನು ಕಾಪಾಡಿಕೊಳ್ಳಬೇಕೆಂದು ಅವನು ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತ. ಮುಂದೆ ಒಂದು ತಿರುವಿನಲ್ಲಿ ಬಸ್ಸು ಹೊರಳಿದಾಗ ಕಂಬಿ ಹಿಡಿಯಲು ಕೈ ತೆಗೆದ. ಹಿಡಿದಾದ ಮೇಲೆ ಕೈ ತಾನಾಗಿ ಬಾಯಿಗೆ ಹೋಯಿತು.

ಸುಭಾಷನ ಗುಜರಿ ಅಂಗಡಿಯಲ್ಲಿ ಬ್ಲಾಕು ಒಂದು ಮರದ ಪೆಟ್ಟಿಗೆಯ ಮೇಲೆ ಕೂತಿತ್ತು. ಮೈತುಂಬ, ಬೋರುಗಳ ಒಳಗೂ, ಹೊಸ ಹಸಿರು ಬಣ್ಣ.

"ನೋಡಿ ಸರ್, ಎಂಥಾ ಬ್ಲಾಕು. ನಿಮ್ಮಂಥ ತಿಳಿದವ್ರಿಗೇ ಅಂತ ಇಟ್ಕಂಡದ್ದು" ಎಂದ ಸುಭಾಷ.

ತಿಳಿದವರು ಎಂದ ಮೇಲೆ ಸದಾಶಿವ ತಿಳಿದವನಂತೆ ನಡೆದುಕೊಳ್ಳಬೇಕಾಯಿತು. ಬ್ಲಾಕಿನ ಸುತ್ತ ಒಂದು ಸುತ್ತು ಬಂದ. ಸಂತೆಯಲ್ಲಿ ತೆಂಗಿನಕಾಯಿ ಆರಿಸುವಂತೆ ಬೆರಳ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು, "ಹೂಂ" ಎಂದ. ಸುಭಾಷನ ಮುಖದಲ್ಲಿ ಸಣ್ಣದೊಂದು ಅನುಮಾನ ಬಂತು. ಆಮೇಲೆ ಸದಾಶಿವ ಮೊದಲನೆಯ ಬೋರಿಗೆ ಕೈ ಇಳಿಸಿ ಬೆರಳು ಎಳೆದ. ನುಣ್ಣಗಿತ್ತು. ಇನ್ನೊಂದರಲ್ಲಿ ಎಳೆದ, ಅದೂ ನುಣ್ಣಗಿತ್ತು. ಸಂತೋಷದಿಂದ ಕೈ ಹೊರಗೆ ತೆಗೆದು ನೋಡಿಕೊಂಡಾಗ ಅವನಿಗೆ ಹೊಳೆಯಿತು: ಆ ಬೆರಳುಗಳಿಗೆ ಯಲ್ಲಾಪುರದ ರಸ್ತೆಯೂ ನುಣ್ಣಗೇ ಕಾಣುತ್ತಿತ್ತು. ಎಳೆದದ್ದು ಉಗುರಲ್ಲ, ಬರೀ ಮಾಂಸ.

ಅಂಗಡಿಯ ಮೂಲೆಯಲ್ಲಿ ಸುಭಾಷನ ಅಣ್ಣನ ಮಗಳು ಸ್ಫೂರ್ತಿ ಬಿಲ್ಲು ಬರೆಯುತ್ತ ಕುಳಿತಿದ್ದಳು. ನೀಳವಾಗಿ ಬೆಳೆಸಿ ನೇರಳೆ ಬಣ್ಣ ಹಚ್ಚಿದ ಅವಳ ಉಗುರುಗಳ ಮೇಲೆ ಸದಾಶಿವನ ಕಣ್ಣು ಬಿತ್ತು.

"ತಂಗಿ, ಒಂದು ಉಗುರು ಕೊಡವಾ" ಎಂದ.

ಹುಡುಗಿ ಎದ್ದು ನಿಂತಳು. ಸುಭಾಷ ಸ್ಪಾನರು ಕೈಗೆತ್ತಿಕೊಂಡ. ಸದಾಶಿವ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಹತ್ತೂ ಬೆರಳು ತೋರಿಸಿ, ಅಳುವ ಧ್ವನಿಯಲ್ಲಿ ತನ್ನ ಕಷ್ಟವನ್ನು ಹೇಳಿಕೊಂಡ. ಮಾವನ ಮಾತು ಬರುವ ಹೊತ್ತಿಗೆ ಸ್ಫೂರ್ತಿಯ ಮನಸ್ಸು ಕರಗಿತು.

"ಮೊನ್ನೆಯಷ್ಟೇ ಬಣ್ಣ ಹಚ್ಚಿದ್ದು" ಎಂದು ಗೊಣಗುತ್ತಲೇ ಬಂದು ನಾಲ್ಕೂ ಬೋರುಗಳಲ್ಲಿ ಉಗುರು ಎಳೆದಳು. "ಎಂತದೂ ಸಿಕ್ಕೂದಿಲ್ಲ ಸರ್. ಚೊಲೊ ಅದೆ."

ಸದಾಶಿವನ ಜೀವ ಅರ್ಧ ಮರಳಿ ಬಂತು. ಈಗ ನೀರು. ಸುಭಾಷ ಒಲ್ಲದ ಮನಸ್ಸಿನಿಂದ ತೂತುಗಳಿಗೆ ಬೂಚು ಬಡಿದ. ಸದಾಶಿವ ಕೊಡದಿಂದ ನೀರು ಹೊಯ್ದು, ಬ್ಲಾಕಿನ ಮೇಲೆ ಬಾಗಿ, ಉಸಿರು ಹಿಡಿದು ನಿಂತ. ಮೊದಲನೆಯ ಬೋರು ಒಣಗಿತ್ತು. ಎರಡನೆಯದೂ ಒಣಗಿತ್ತು. ಮೂರನೆಯದರ ಗೋಡೆಯಲ್ಲಿ ಒಂದು ಮಣಿ ಮೂಡಿತು. ಅದು ದೊಡ್ಡದಾಯಿತು, ಜಾರಿತು. ಅದರ ಹಿಂದೆ ಮತ್ತೊಂದು. ನೋಡುನೋಡುತ್ತ ಹಸಿರು ಬಣ್ಣದ ಒಂದು ಪದರು ಕಿತ್ತುಬಂದು ನೀರು ಧಾರೆಯಾಗಿ ಇಳಿಯಿತು.

ಸದಾಶಿವ ಒದ್ದೆ ಕೈಯಲ್ಲೇ ಕೆರಿಯಪ್ಪನಿಗೆ ಫೋನು ಹಚ್ಚಿದ. ಮನೆ ಒಕ್ಕಲಿನ ಗದ್ದಲದಲ್ಲಿ ಅವನು ಎತ್ತಲಿಲ್ಲ. ಮರುಕ್ಷಣವೇ ಫೋನು ಬಡಿದುಕೊಂಡಿತು. ಯಾರದೆಂದು ನೋಡದೆ ಸದಾಶಿವ ಕಿವಿಗಿಟ್ಟುಕೊಂಡು ಕೂಗಿದ:

"ನೀರು ಬಂತೋ! ಬೋರಿನಾಗ ನೀರು ಬಂತು. ಮೊದಲು ಹನಿ ಹನಿ, ಆಮ್ಯಾಲೆ ಧಾರಿ ಕಟ್ಟಿ ಬರಾಕ ಹತ್ತೇತಿ. ನಿಲ್ಲವಲ್ದು."

ಆ ಕಡೆ ಇದ್ದವಳು ವಾಣಿಶ್ರೀ. ಊಟಕ್ಕೆ ಬರುತ್ತೀರಾ ಎಂದು ಕೇಳಲು ಮಾಡಿದ್ದಳು. "ಅಪ್ಪಾ, ಗಂಗಿ ಬಂದ್ಲು" ಎಂದು ಅವಳು ಕೂಗಿದ್ದು, ಫೋನು ಅವಳ ಕೈಯಿಂದ ಬಿದ್ದದ್ದು ಎರಡೂ ಕೇಳಿದವು. ಸದಾಶಿವನ ತಲೆಗೆ ಹೋದದ್ದು ಅಪ್ಪ ಎಂಬ ಮಾತು ಮಾತ್ರ. ಸೋಮವಾರ ಬರಬೇಕಾದವರು ಮನೆಯಲ್ಲಿದ್ದಾರೆ.

ಅವನು ಊರು ಮುಟ್ಟಿದಾಗ ಮನೆಗೆ ಕೀಲಿ ಹಾಕಿತ್ತು. ಎದುರಿನ ಚಹಾದಂಗಡಿಯವನು "ಎಲ್ಲಾರೂ ಕೆರಿ ಹಿಂದಿನ ಹೊಲಕ್ಕ ಹೋಗ್ಯಾರ. ಭಾಳ ಚಲೋ ಆತು ಬಿಡ್ರಿ" ಎಂದು ಕೈ ಕುಲುಕಿದ. ಏನು ಚಲೋ ಆಯಿತೆಂದು ತಿಳಿಯದೆ ಸದಾಶಿವ ಹೊಲದ ದಾರಿ ಹಿಡಿದ.

ಬೇಸಿಗೆಯ ಬಿಸಿಲಿಗೆ ಬಿರುಕು ಬಿಟ್ಟ ಹೊಲದ ನಡುವೆ ಅರ್ಧ ಊರು ನಿಂತಿತ್ತು. ಆಪರೇಷನ್ನಿನ ಕಪ್ಪು ಕನ್ನಡಕ ಹಾಕಿದ್ದ ಮಡಿವಾಳಪ್ಪನವರು ಎರಡೂ ಕೈಯಲ್ಲಿ ಅರಿಸಿನ ಕುಂಕುಮ ಹಚ್ಚಿದ ತೆಂಗಿನಕಾಯಿ ಹಿಡಿದಿದ್ದರು. ವಾಣಿಶ್ರೀ ರೇಷ್ಮೆ ಸೀರೆಯುಟ್ಟು ಆರತಿ ತಟ್ಟೆಯೊಂದಿಗೆ ನಿಂತಿದ್ದಳು. ಗುರುಶಾಂತವ್ವ ತನ್ನ ಬಾವಿಯ ಕಟ್ಟೆಯ ಮೇಲೆ, ಯಾರೋ ಅದನ್ನು ಹೊತ್ತೊಯ್ಯುತ್ತಾರೋ ಎಂಬಂತೆ, ಗಟ್ಟಿಯಾಗಿ ಕುಳಿತಿದ್ದಳು. ಕಿರಣ ಅಳತೆಯ ಪಟ್ಟಿ ಬಿಚ್ಚಿಕೊಂಡು ಒಂದು ಗೇಣು ಆಳದ ನಾಲ್ಕು ಕುಳಿಗಳನ್ನು ಹುಡುಕುತ್ತಿದ್ದ.

ಮಡಿವಾಳಪ್ಪನವರು ಮುಂದೆ ಬಂದು ಅಳಿಯನ ಹೆಗಲ ಮೇಲೆ ಕೈಯಿಟ್ಟರು.

"ಬರ್ರಿ ಅಳಿಯಂದಿರ" ಎಂದರು.

ಆ ಒಂದು ಮಾತಿಗಾಗಿ ಸದಾಶಿವ ಎಷ್ಟು ವರ್ಷ ಕಾದಿದ್ದ. ಅದು ಬಂದ ಗಳಿಗೆ ಇಂಥದ್ದಾಗಬೇಕೇ ಎಂದು ಅವನಿಗೆ ಅಳು ಬಂತು.

"ಬಸ್ಸಿನಾಗ ಕಂಡಾವರಿಗೆಲ್ಲಾ ಹೇಳಿಕೊಂತ ಬಂದೇನಿ, ನಮ್ಮ ಅಳಿಯಂದಿರು ಯಾರ ಮುಂದೂ ಬಾಯಿ ಬಿಡದ ಗಂಗಿನ ತರಸಾಕ ಹತ್ಯಾರ ಅಂತ. ಕಾಯಿ ಹಿಡಕೊಂಡು ಆವಾಗಿಂದ ನಿಂತೇನಿ. ನನ್ನ ಕಣ್ಣಿಗೆ ಇನ್ನೂ ಸರಿ ಕಾಣಂಗಿಲ್ಲ, ಇವರಿಗೂ ಕಾಣವಲ್ದಂತ. ಎಲ್ಲೈತ್ರಿ ಬೋರು?"

ಸುಳ್ಳು ಹೇಳಲು ಸದಾಶಿವನಿಗೆ ಮನಸ್ಸಿತ್ತು. ತಲೆ ಓಡಲಿಲ್ಲ. ಬಾಯಿಗೆ ಬಂದದ್ದು ನಿಜ.

"ಯಲ್ಲಾಪುರದಾಗ ಐತ್ರಿ."

"ಯಲ್ಲಾಪುರದಾಗ ಹೊಲ ಹಿಡದೀರೇನು?"

"ಹೊಲ ಅಲ್ರಿ. ಗುಜರಿ ಅಂಗಡ್ಯಾಗ, ಪೆಟಗಿ ಮ್ಯಾಲೆ ಐತ್ರಿ."

ಆಮೇಲೆ ನಿಲ್ಲಿಸಲು ಆಗಲಿಲ್ಲ. ಸಿದ್ದಾಪುರದ ಸಭೆ, ಏರು, ಹಬೆ, ಒಂದು ಕೊಡ ತಣ್ಣೀರು, ಟಣ್ ಎಂದ ಸದ್ದು, ನಾಲ್ಕು ಬೋರು, ಸ್ಫೂರ್ತಿಯ ಉಗುರು, ಮೂರನೆಯದರಲ್ಲಿ ಬಂದ ನೀರು, ಎಲ್ಲವೂ ಒಂದರ ಹಿಂದೊಂದು ಹೊರಬಿದ್ದವು. "ಜೀಪು ಸರ್ವೀಸಿಗೆ ಬಿಟ್ಟೇನಿ ಅಂದಿದ್ರಿ" ಎಂದು ವಾಣಿಶ್ರೀ ಒಂದೇ ಮಾತು ಹೇಳಿ ಆರತಿಯ ದೀಪ ಆರಿಸಿದಳು. "ಹಾಗಾದ್ರೆ ಗೇಣು ಸರಿ ಇದೆ" ಎಂದು ಕಿರಣ ಸಮಾಧಾನದಿಂದ ಅಳತೆಪಟ್ಟಿ ಸುತ್ತಿಕೊಂಡ. ಗುರುಶಾಂತವ್ವ ಕಟ್ಟೆಯಿಂದ ಇಳಿದು, ಬಹಳ ದಿನಗಳ ಮೇಲೆ ಮೊದಲ ಸಲ ಸದಾಶಿವನ ಕಡೆ ಪ್ರೀತಿಯಿಂದ ನೋಡಿದಳು.

ಮಡಿವಾಳಪ್ಪನವರು ಹೆಗಲ ಮೇಲಿನ ಕೈ ತೆಗೆದರು. ಡಾಕ್ಟರು ಬೇಡವೆಂದಿದ್ದರೂ ಕನ್ನಡಕ ತೆಗೆದು ಅಳಿಯನನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ಕಾಯಿ ನೋಡಿದರು. ಎಲ್ಲರೂ ಅದನ್ನೇ ನೋಡಿದರು. ಗಂಗೆಯ ಹೆಸರು ಹೇಳಿ, ಅರಿಸಿನ ಕುಂಕುಮ ಹಚ್ಚಿ, ಹೊಲದವರೆಗೆ ತಂದ ಕಾಯಿ ಅದು. ಅಂಥದನ್ನು ಒಡೆಯದೆ ಮನೆಗೆ ಒಯ್ದು ಚಟ್ನಿ ಅರೆಯುವ ಧೈರ್ಯ ಆ ಊರಿನಲ್ಲಿ ಯಾರಿಗೂ ಇರಲಿಲ್ಲ.

"ಏ ಇವನ" ಎಂದರು ಕಡೆಗೆ. ಹಳೆಯ ಹೆಸರು ಮರಳಿ ಬಂದಿತ್ತು. "ಕಾಯಿ ತಂದಾಗೇತಿ. ಒಡದ ಮ್ಯಾಲೆ ಬೋರ್ ಹೊಡಸಾಕ ಬೇಕು, ಅದರ ಖರ್ಚು ನಂದು ಇರಲಿ. ಈ ನೆಲದಾಗ ನೀರು ಬಿತ್ತು ಅಂದ್ರ ಜೀಪಿನ ಸುದ್ದಿ ನಾ ಎತ್ತಂಗಿಲ್ಲ. ಬೀಳಲಿಲ್ಲ ಅಂದ್ರ ನನ್ನ ಜೀಪು ಮೊದಲಿನಂಗ ನನ್ನ ಬಾಗಲದಾಗ ಬಂದು ನಿಂದ್ರಬೇಕು. ಎರಡೂ ಆಗಲಿಲ್ಲೋ, ನನ್ನ ಹೊಸ್ತಿಲ ತುಳೀಬ್ಯಾಡ."

ಕಾಯಿ ಒಡೆಯಿತು, ನೆಟ್ಟಗೆ ಎರಡು ಹೋಳಾಗಿ. ಶಕುನ ಒಳ್ಳೆಯದೆಂದರು.

ಕಿರಣನ ಕಾಗದಪತ್ರಗಳೆಲ್ಲ ಸರಿಯಾಗಿ ಬೋರಿನ ಲಾರಿ ಹೊಲಕ್ಕೆ ಬರುವಷ್ಟರಲ್ಲಿ ಕೆರಿಯಪ್ಪ ಸಿದ್ದಾಪುರದಲ್ಲಿ ಇನ್ನೊಂದು ಬ್ಲಾಕು ಪತ್ತೆ ಮಾಡಿದ್ದ. ಈ ಸಲ ಸದಾಶಿವನನ್ನು ಕಳಿಸದೆ ತಾನೇ ನೋಡಲು ಹೋದ. ಎರಡೂ ಒಂದೇ ದಿನ ಬಿದ್ದವು. ಇಲ್ಲಿ ನೀರು ಬರಲಿ, ಅಲ್ಲಿ ಬಾರದಿರಲಿ ಎಂದು ಸದಾಶಿವ ಬೆಳಿಗ್ಗೆ ದೇವರ ಮುಂದೆ ಕೈ ಮುಗಿದು ಬೇಡಿಕೊಂಡ. ಮುಗಿಸಿ ಎದ್ದ ಮೇಲೆ, ಇಲ್ಲಿ ಬಾರದಿರಲಿ ಅಲ್ಲಿ ಬರಲಿ ಎಂದೇನಾದರೂ ಹೇಳಿಬಿಟ್ಟೆನೋ ಎಂಬ ಅನುಮಾನ ಬಂದು ಮತ್ತೊಮ್ಮೆ ಕೂತು ಬೇಡಿಕೊಂಡ.

ಯಂತ್ರ ಬೆಳಿಗ್ಗೆಯಿಂದ ಕೊರೆಯಿತು. ಮೊದಲು ಕೆಂಪು ಧೂಳು ಬಂತು, ಆಮೇಲೆ ಬಿಳಿ ಧೂಳು. ಹೊಲದ ಬದುವಿನ ಮೇಲೆ ಮಾವ ಒಂದು ಕಡೆ, ಅಳಿಯ ಒಂದು ಕಡೆ ಕುಳಿತು ಧೂಳು ಬಳಿದುಕೊಂಡರು. ಸದಾಶಿವನಿಗೆ ಕಚ್ಚಲು ಉಗುರೂ ಉಳಿದಿರಲಿಲ್ಲ. ಗುರುಶಾಂತವ್ವ ಸೆರಗಿನಲ್ಲಿ ಸಕ್ಕರೆ ಕಟ್ಟಿಕೊಂಡು ಬಾವಿಯ ಕಟ್ಟೆಯ ಮೇಲಿದ್ದಳು. ಯಾವ ಹರಕೆಯ ಸಕ್ಕರೆಯೆಂದು ಎಲ್ಲರಿಗೂ ಗೊತ್ತಿದ್ದರೂ ಯಾರೂ ಕೇಳಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಯಂತ್ರದವನು ಅದನ್ನು ನಿಲ್ಲಿಸಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು ಬಂದ.

"ಬೋರಿನಾಗ ಒಂದು ಹನಿ ನೀರಿಲ್ರಿ ಯಜಮಾನ್ರ" ಎಂದ.

ಮಡಿವಾಳಪ್ಪನವರು ನಿಧಾನವಾಗಿ ಅಳಿಯನ ಕಡೆ ತಿರುಗಿದರು. ಅವರು ಬಾಯಿ ತೆರೆಯುವಷ್ಟರಲ್ಲಿ ಸದಾಶಿವನ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಈ ಸಲ ಅವನು ಯಾರದೆಂದು ಎರಡೆರಡು ಸಲ ನೋಡಿ ಎತ್ತಿದ. ಆ ಕಡೆಯಿಂದ ಕೆರಿಯಪ್ಪನ ಧ್ವನಿ ಹೊಲಕ್ಕೆಲ್ಲ ಕೇಳುವಷ್ಟು ಗಟ್ಟಿಯಾಗಿತ್ತು:

"ಬೋರಿನಲ್ಲಿ ಒಂದು ಹನಿ ನೀರಿಲ್ಲ ಮಾರಾಯ. ನಾಲ್ಕೂ ಕಾದ ಹಂಚಿನಂಗೆ ಒಣಗಿ ನಿಂತವೆ. ಉಗುರೂ ಸಿಕ್ಕೂದಿಲ್ಲ. ಹುಬ್ಬಳ್ಳಿಗೂ ಒಯ್ಯೂದು ಬೇಡ, ಹಂಗೇ ಕೂರಿಸ್ತೆ."

ಸದಾಶಿವ ನಿಂತಲ್ಲೇ ಬದುವಿನ ಮೇಲೆ ಕುಸಿದು ಕೂತ. ಮೈತುಂಬ ಬಿಳಿ ಧೂಳಿದ್ದುದರಿಂದ ಅವನು ನಗುತ್ತಿದ್ದಾನೋ ಅಳುತ್ತಿದ್ದಾನೋ ಯಾರಿಗೂ ತಿಳಿಯಲಿಲ್ಲ. ಗುರುಶಾಂತವ್ವ ಎಲ್ಲರ ಕೈಗೂ ಸಕ್ಕರೆ ಹಾಕುತ್ತ ಬಂದಳು. ಮಡಿವಾಳಪ್ಪನವರ ಮುಂದೆ ಒಂದು ಗಳಿಗೆ ಅಂಜಿ ನಿಂತಳು. ಅವರು ತಾವಾಗಿ ಕೈ ಚಾಚಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು.

"ನಡಿ, ಸಿರ್ಸಿಗೆ ಹೋಗೂಣು. ಅವ ಹೆಂಗ ಕುಂದರಸ್ತಾನ ನೋಡೂಣು" ಎಂದು ಎದ್ದರು. ನಾಲ್ಕು ಹೆಜ್ಜೆ ಹೋದವರು ನಿಂತರು. "ಮತ್ತ ಇನ್ನೊಮ್ಮೆ ಹೇಳತೇನಿ ಕೇಳು. ಆ ರೇಡಿಯೇಟರಿನ ನೀರಿನ ವಿಚಾರ ಐತೆಲ್ಲ, ಅದು..."

"ಗೊತ್..." ಎಂದು ಹೊರಟ ಮಾತನ್ನು ಸದಾಶಿವ ಎರಡೂ ಕೈಯಿಂದ ಬಾಯಿ ಮುಚ್ಚಿ ಒಳಗೆ ತಡೆದ. ಕೈ ತೆಗೆದು, "ಗೊತ್ತಿಲ್ರಿ ಮಾವಾರ" ಎಂದ. "ಹೇಳ್ರಿ. ಅವತ್ತು ಏನು ಹೇಳಾವ್ರಿದ್ರಿ?"

ಮಡಿವಾಳಪ್ಪನವರು ಕನ್ನಡಕ ಸರಿಮಾಡಿಕೊಂಡರು. ಸುತ್ತ ಯಾರಾದರೂ ಕೇಳುತ್ತಿದ್ದಾರೆಯೇ ಎಂದು ನೋಡಿದರು. ದನಿ ತಗ್ಗಿಸಿದರು.

"ಅದು ನನಗೂ ಗೊತ್ತಿಲ್ಲ, ಕೆರಿಯಪ್ಪನ್ನ ಕೇಳು ಅಂತ ಹೇಳಾವಿದ್ನಿ."